ಹೆಬ್ಬಾವಿನ ಮರಿಯಲ್ಲ, ಕೊಳಕುಮಂಡಲ!

ಹಿಪ್ಪುನೇರಳೆ ತೋಟಕ್ಕೆ ಹಾವು ಬರುವುದು ಹೊಸದೇನಲ್ಲ. ಇಲಿ ಇದ್ದ ಕಡೆ ಅದು ಬಂದೇ ಬರುತ್ತದೆ. ನನ್ನ ಸಿಟ್ಟು ಹಾವಿನ ಮೇಲಲ್ಲ, ನನ್ನ ಗಂಡನ ಮೇಲೆ. ನಾನು ಕ್ಯಾಲನೂರಿನ ವೆಂಕಟರತ್ನಮ್ಮ. ಗಂಡನ ಹೆಸರು ಹೇಳಬಾರದು ಅಂತಾರೆ, ಇವತ್ತು ಹೇಳಿಯೇ ಹೇಳುತ್ತೇನೆ: ಕೋದಂಡರಾಮಪ್ಪ!

ಆವತ್ತು ರೇಷ್ಮೆಹುಳು ಕೊನೆಯ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದಿದ್ದವು. ಎಷ್ಟು ಸೊಪ್ಪು ಹಾಕಿದರೂ ಸಾಲದ ಹೊತ್ತು. ಬೆಳಗ್ಗೆ ಬರಿಗಾಲಲ್ಲೇ ಸೊಪ್ಪು ಕೊಯ್ಯುತ್ತಿದ್ದ ಸೊಸೆ ಸುನಂದ ಕಿರುಚಿಕೊಂಡಳು. ಪಾದದ ಮೇಲೆ ಹಲ್ಲಿನ ಗುರುತು. ದಪ್ಪನೆಯ ಹಾವೊಂದು ಬುಸುಗುಡುತ್ತ ಸಾಲಿನೊಳಗೆ ಸರಿದುಹೋಯಿತು.

ಓಡಿ ಬಂದ ಯಜಮಾನರು ಅದನ್ನು ನೋಡಿ, "ಹೆಬ್ಬಾವಿನ ಮರಿ ಕಣೇ, ವಿಷ ಇಲ್ಲ. ಹಗ್ಗ ಬಿಗಿದು ಮಂತ್ರ ಹಾಕ್ಸಿದ್ರೆ ಆಯ್ತು. ನೀನು ಮೊದ್ಲು ಹುಳಕ್ಕೆ ಸೊಪ್ಪು ಹಾಕೋಗು" ಅಂದರು. ವಿಷವಿಲ್ಲದ ಹಾವಿಗೆ ಮಂತ್ರ ಯಾಕಂತೆ?

ಪಕ್ಕದ ತೋಟದಿಂದ ದಿಲ್ಷಾದ್ ಬಂದಳು. ಅವಳೂ ನಮ್ಮ ಸ್ತ್ರೀಶಕ್ತಿ ಸಂಘದವಳೇ. ಹಾವು ಕಡಿತದ ತರಬೇತಿಗೆ ಹೋಗಿ ಬಂದಿದ್ದಳು.

"ನಾನೇ ಕಣ್ಣಾರೆ ನೋಡ್ದೆ ಅಣ್ಣ. ಮೈಮೇಲೆ ಸರಪಳಿ ಥರ ಮಚ್ಚೆ ಐತೆ. ಅದು ಕೊಳಕುಮಂಡಲ. ತೆಲುಗಲ್ಲಿ ರಕ್ತಪಿಂಜರಿ ಅಂತಾರಲ್ಲ, ಅದೇ. ಇಂಗ್ಲಿಷಲ್ಲಿ ರಸೆಲ್ಸ್ ವೈಪರ್."

"ಇಂಗ್ಲಿಷ್ ಹೆಸ್ರಾ? ಹಂಗಾದ್ರೆ ಇಂಗ್ಲೆಂಡ್ ಹಾವು. ಕ್ಯಾಲನೂರಿಗೆ ಬಸ್ಸಲ್ಲಿ ಬಂತಾ?" ಎನ್ನುತ್ತ ಯಜಮಾನರು ಹಗ್ಗ ತಂದು ಸುನಂದಳ ಕಾಲಿಗೆ ಸುತ್ತತೊಡಗಿದರು.

ದಿಲ್ಷಾದ್ ಕೆಂಡವಾದಳು. "ರಸೆಲ್ ಅನ್ನೋದು ಮನುಷ್ಯನ ಹೆಸ್ರು ಅಣ್ಣ! ಇನ್ನೂರು ವರ್ಷಕ್ಕೂ ಹಿಂದೆ ವಿಶಾಖಪಟ್ಟಣದಲ್ಲಿದ್ದ ಡಾಕ್ಟ್ರು. ನಮ್ಮ ದೇಶದ ಹಾವುಗಳನ್ನೇ ನೋಡಿ, ಯಾವುದಕ್ಕೆ ವಿಷ ಐತೆ, ಯಾವುದಕ್ಕಿಲ್ಲ ಅಂತ ಬರೆದಿಟ್ರು. ಆ ಗೌರವಕ್ಕೇ ಈ ಹಾವಿಗೆ ಅವ್ರ ಹೆಸ್ರಿಟ್ಟವ್ರೆ. ಅಷ್ಟು ಹಿಂದೇನೇ ಗೊತ್ತಾಗಿರೋದು ನಿಮಗಿನ್ನೂ ಗೊತ್ತಾಗ್ಲಿಲ್ವಾ?"

ಅಷ್ಟರಲ್ಲಿ ಸುನಂದಳ ಪಾದ ಊದಿತು. ಉಗುಳಿದರೆ ರಕ್ತ. ಹಗ್ಗ ಕಿತ್ತು ಬಿಸಾಡಿದೆ.

"ರೀ, ಹುಳ ಸತ್ರೆ ಇನ್ನೊಂದು ಬೆಳೆ ಇಡ್ಬೋದು. ನನ್ ಸೊಸೇನ ಎಲ್ಲಿಂದ ತರ್ತೀರಾ?"

ದಿಲ್ಷಾದ್ ಸುನಂದಳ ಕಾಲುಂಗುರ, ಕಾಲುಚೈನು ಬಿಚ್ಚಿದಳು. ಕಾಲು ಅಲ್ಲಾಡದಂತೆ ಹಲಗೆ ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿದಳು. ನಡೆಯಲು ಬಿಡದೆ ಎತ್ತಿಕೊಂಡು, ದಿಲ್ಷಾದಳ ಗಂಡ ಸತ್ತಾರನ ಆಟೋದಲ್ಲಿ ಕೋಲಾರದ ಆಸ್ಪತ್ರೆಗೆ ಓಡಿದೆವು. ವಿಷಕ್ಕೆ ಇಂಜೆಕ್ಷನ್ ಕೊಟ್ಟ ಡಾಕ್ಟರು, "ಇನ್ನೂ ತಡವಾಗಿದ್ರೆ ಕಿಡ್ನಿ ಹೋಗ್ತಿತ್ತು, ಜೀವಾನೂ ಹೋಗ್ತಿತ್ತು" ಎಂದರು.

ಸುನಂದ ಬದುಕಿ ಮನೆಗೆ ಬಂದಳು. ಈಗ ಯಜಮಾನರೇ ಎಲ್ಲರಿಗೂ ಗಂಬೂಟು ತಂದಿದ್ದಾರೆ. ಯಾರಾದರೂ ಬರಿಗಾಲಲ್ಲಿ ತೋಟಕ್ಕೆ ಇಳಿದರೆ, "ಏನ್ಲಾ, ಸಾಯಕ್ಕೆ ಬಂದ್ಯಾ?" ಎಂದು ಗದರುತ್ತಾರೆ. ಗದರಲಿ. ನನ್ನ ಸಿಟ್ಟಂತೂ ಇನ್ನೂ ಇಳಿದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಮಂತ್ರಕ್ಕೆ ಓಡಬೇಡಿ. ಯಾವ ಹಾವು ಅಂತ ವಾದ ಮಾಡುತ್ತ ನಿಲ್ಲಲೂಬೇಡಿ. ೧೦೮ಕ್ಕೆ ಫೋನ್ ಮಾಡಿ, ಅದು ತಡವಾದರೆ ಸಿಕ್ಕ ಗಾಡಿ ಹತ್ತಿಸಿ, ಆಸ್ಪತ್ರೆ ಸೇರಿಸಿ. ಆ ರಸೆಲ್ ಡಾಕ್ಟರ ಹೆಸರು ಹಾವಿನ ಜೊತೆ ಉಳಿದಿದೆ. ನಿಮ್ಮ ಮನೆಯವರ ಹೆಸರು ಶ್ರದ್ಧಾಂಜಲಿ ಫ್ಲೆಕ್ಸಿಗೆ ಏರದಂತೆ ನೋಡಿಕೊಳ್ಳಿ.