ಬೆಳ್ಳಿಯ ಸವತಿಯರು

ನನಗೆ ಸವತಿಯರಿದ್ದಾರೆ ಎಂದು ಮದುವೆಯಾದ ಹೊಸತರಲ್ಲೇ ಗೊತ್ತಾಯಿತು. ಊಟದ ಮೇಜಿನ ಪಕ್ಕದಲ್ಲಿ ಒಂದು ಮರದ ಬೀರು. ಅದರ ತೆಳ್ಳಗಿನ ಡ್ರಾಯರುಗಳಲ್ಲಿ, ಒಬ್ಬೊಬ್ಬರಿಗೆ ಒಂದೊಂದು ದುಂಡನೆಯ ಗುಳಿ ಮಾಡಿ ಹಸಿರು ಬಟ್ಟೆಯ ಮೇಲೆ ಮಲಗಿಸಿದ್ದರು. ಎಲ್ಲರೂ ಬೆಳ್ಳಿ ನಾಣ್ಯದವರು, ಎಲ್ಲರೂ ಹಳೇ ರೋಮಿನ ಅರಮನೆಯವರು. ಜೊತೆಗೆ ಚಕ್ರವರ್ತಿಗಳೂ ಇದ್ದರು: ಗಡ್ಡದವರು, ಬೋಳುತಲೆಯವರು, ಮೂರು ಹೊತ್ತೂ ಮುಖ ಗಂಟಿಕ್ಕಿಕೊಂಡವರು. ನನ್ನ ಹೊಟ್ಟೆಯುರಿಯೆಲ್ಲ ಅವರ ಹೆಂಡಿರ ಮೇಲೆ.

ನನ್ನ ಗಂಡನ ಕಸುಬು ಹಲ್ಲಿನ ಸೆಟ್ ಮಾಡುವುದು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವರು ಮೇಣದಲ್ಲಿ ಕೂರಿಸಿ, ಎರಕ ಹೊಯ್ದು, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತಿದ್ದರು. "ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅಂತಾರಲ್ಲ, ಹಲ್ಲು ನಾನು ಕೊಡ್ತೀನಿ, ಕಡಲೆ ಅವರವರೇ ನೋಡ್ಕೊಳ್ಳಲಿ" ಎನ್ನುವುದು ಅವರ ಹಳೇ ಜೋಕು. ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಎರಕ ಅವರ ಕೈಯಲ್ಲೇ ಇದ್ದುದರಿಂದ ಎರಕದ ನಕಲಿ ನಾಣ್ಯ ಅವರ ಕಣ್ಣು ತಪ್ಪಿಸುತ್ತಿರಲಿಲ್ಲ. ಅಸಲಿ ನಾಣ್ಯವನ್ನು ಸುತ್ತಿಗೆಯಲ್ಲಿ ಹೊಡೆದು ಅಚ್ಚು ಹಾಕಿರುತ್ತಾರೆ, ಎರಕದ್ದರಲ್ಲಿ ಸೂಜಿಮೊನೆಯಷ್ಟು ಗುಳ್ಳೆ ಉಳಿಯುತ್ತದೆ. ಭೂತಗನ್ನಡಿ ಕಣ್ಣಿಗಿಟ್ಟು, ನಾಣ್ಯದ ಅಂಚನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುವರು. ಮುಖ ಮುಟ್ಟಿದರೆ ಮಗಳಿಗೂ ಬೈಗುಳ ತಪ್ಪುತ್ತಿರಲಿಲ್ಲ. ಸರಿಯಿದ್ದರೆ ಎರಡೇ ಮಾತು: "ಅಸಲಿ. ತಗೊಂಡೆ."

ನಕಲಿ ಕಂಡರೆ ನಗುತ್ತಿದ್ದರು. ಅವರ ಪಿತ್ತ ನೆತ್ತಿಗೇರುತ್ತಿದ್ದುದು ತಿದ್ದಿದ ನಾಣ್ಯ ಕಂಡರೆ. ಹಳೆಯ ನಾಣ್ಯ ಕೈಯಿಂದ ಕೈಗೆ ಹೋಗಿ ಸವೆದಿರುತ್ತದೆ. ಅಂಥದ್ದನ್ನು ಯಾರೋ ಹಿಡಿದು, ಚೂಪು ಉಳಿಯಲ್ಲಿ ಕೂದಲಿನ ಎಳೆಗಳನ್ನು ಮತ್ತೆ ಕೊರೆದು, ಹೊಸದರ ಹಾಗೆ ಕಾಣುವಂತೆ ಮಾಡುವುದುಂಟು. "ಸವೆದದ್ದನ್ನ ಸವೆದ ಹಾಗೇ ಬಿಡಬೇಕು. ಅಸಲಿ ಮಾಲನ್ನ ಕೈಯಾರೆ ಹಾಳು ಮಾಡ್ತಾರಲ್ಲ, ದರಿದ್ರದವರು" ಎಂದು ಊಟದ ತಟ್ಟೆಯ ಮುಂದೆಯೂ ಗೊಣಗುತ್ತಿದ್ದರು. ಈ ಮಾತನ್ನು ನನ್ನಷ್ಟು ಸಲ ಕೇಳಿದವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ.

ನಾನು ಬ್ಯೂಟಿ ಪಾರ್ಲರ್ ನಡೆಸುತ್ತಿದ್ದವಳು. ಒಂದು ಸಂಜೆ ಅವರು ಹೊಸದಾಗಿ ಸಿಕ್ಕ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯವನ್ನು ತಂದು ನನ್ನೆದುರು ಹಿಡಿದರು. ಅದರಲ್ಲಿ ಒಬ್ಬ ಮಹಾರಾಣಿ. ತಲೆಯ ಸುತ್ತ ಸಣ್ಣ ಜಡೆಗಳು, ಎಲ್ಲವನ್ನೂ ಮೇಲಕ್ಕೆಳೆದು ನೆತ್ತಿಯ ಮೇಲೆ ಸಿಂಬಿ ಸುತ್ತಿದ ಹಾಗೆ ಸುತ್ತಿದ್ದರು. "ಇದನ್ನ ಹೇಗೆ ಕಟ್ತಾರೆ ಹೇಳು ನೋಡೋಣ" ಎಂದರು. ಇವಳು ಸತ್ತ ಮೇಲೂ ಗಂಡ ತಾನು ಬದುಕಿರುವ ತನಕ ಇವಳ ಮುಖದ ನಾಣ್ಯ ಹೊಡೆಸಿದನಂತೆ. "ಬದುಕಿದ್ದಾಗ ಒಂದು ಒಳ್ಳೇ ಮಾತಾಡಿದ್ನೋ ಇಲ್ವೋ, ವಿಚಾರಿಸಿ" ಎಂದೆ. ಆದರೂ ಹಠ ಬಂತು. ಮರುದಿನ ಕನ್ನಡಿಯ ಮುಂದೆ ಕೂತು, ಪಿನ್ನಿನ ಡಬ್ಬಿ ಖಾಲಿ ಮಾಡಿ, ನನ್ನ ತಲೆಯ ಮೇಲೆಯೇ ಆ ಸಿಂಬಿ ಕಟ್ಟಿದೆ. ಅವರು ನನ್ನನ್ನು ಕಿಟಕಿಯ ಪಕ್ಕ ಓರೆಯಾಗಿ ಕೂರಿಸಿ, ಕೆನ್ನೆಯ ಪಕ್ಕ ನಾಣ್ಯ ಹಿಡಿದು, ಭೂತಗನ್ನಡಿಯಲ್ಲಿ ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿದರು.

"ಅಸಲಿ. ತಗೊಂಡೆ."

ಅಲ್ಲಿಂದಾಚೆಗೆ ನಾನು ಎಲ್ಲಿಗೆ ಹೊರಟು ಸಿಂಗರಿಸಿಕೊಂಡರೂ ಬಾಗಿಲ ಹತ್ತಿರ ನಿಂತು ಅದೇ ಮಾತು ಹೇಳುತ್ತಿದ್ದರು. ನಾನು "ಸಾಕು ಸುಮ್ನಿರಿ" ಎನ್ನುತ್ತಿದ್ದೆ. ಹೇಳದಿದ್ದರೆ ಚಪ್ಪಲಿ ಮೆಟ್ಟದೆ ಕಾಯುತ್ತಿದ್ದೆ.

ಈಗ ಅವರಿಗೆ ಮರೆವಿನ ರೋಗ. ಮೊದಲು ಕನ್ನಡಕ ಕಳೆಯಿತು, ಆಮೇಲೆ ಬೀದಿ ಕಳೆಯಿತು, ಕೊನೆಗೆ ನಾನು ಕಳೆದೆ. ನಾಣ್ಯ ಮಾತ್ರ ಕಳೆಯಲಿಲ್ಲ. ಯಾವುದನ್ನು ಕೈಗಿಟ್ಟರೂ ಮೂಗು, ಗಡ್ಡ, ಜಡೆ ನೋಡಿ ಇವನಿಂಥವನು, ಇವಳಿಂಥವಳು ಎಂದು ಗಡಿಬಿಡಿಯಿಲ್ಲದೆ ಹೇಳುತ್ತಾರೆ. ನಾನು ಎದುರು ನಿಂತರೆ, "ಯಾರ್ರೀ ನೀವು? ಬೀರು ಹತ್ರ ಏನು ಕೆಲಸ?" ನಾಣ್ಯ ಕದಿಯಲು ಬಂದ ಕಳ್ಳಿ ನಾನು. ಕಳ್ಳಿಗೂ ಬಹುವಚನ ಹಾಕುವ ಮನುಷ್ಯ, ನೋಡಿ. ನಾನು ಬಡಿಸಿದ್ದನ್ನು ತಿನ್ನುವುದಿಲ್ಲ. ಅದೇ ತಟ್ಟೆಯನ್ನು ಮಗಳು ತಂದಿಟ್ಟರೆ ತಿನ್ನುತ್ತಾರೆ. ಹೋದ ವಾರ ಮಾತ್ರೆ ಕೊಡಲು ಹೋದವಳನ್ನು ತಳ್ಳಿಬಿಟ್ಟರು. ನನ್ನ ಮಣಿಕಟ್ಟು ಬಾತುಕೊಂಡಿತು.

ಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾಳೆ. ಎರಡು ಬೀದಿ ಆಚೆ ಮನೆ, ದಿನವೂ ಬರುತ್ತಾಳೆ. ಬ್ಯಾಂಡೇಜು ನೋಡಿದವಳೇ ಚೀಲ ನೆಲಕ್ಕಿಟ್ಟಳು.

"ಅಮ್ಮಾ, ಇನ್ನು ಹಠ ಸಾಕು. ಮರೆವಿನವರನ್ನ ನೋಡ್ಕೊಳ್ಳೋ ಆ ಆರೈಕೆ ಮನೇಲಿ ಒಂದು ರೂಮು ಖಾಲಿಯಾಗಿದೆ. ಶನಿವಾರದವರೆಗೆ ಇಟ್ಕೊಂಡಿರ್ತಾರಂತೆ."

"ಅವರು ನನ್ನ ಜೊತೇನೇ ಇರ್ತಾರೆ."

"ನಿನ್ನ ಜೊತೆ ಇದ್ದೀನಿ ಅಂತ ಅವರಿಗೆ ಗೊತ್ತಿದ್ರೆ ತಾನೇ? ಒಂದು ಸಲ, ಒಂದೇ ಸಲ ನಿನ್ನ ಗುರುತು ಹಿಡೀಲಿ. ನಾನು ಮತ್ತೆ ಆ ಸುದ್ದಿ ಎತ್ತಿದ್ರೆ ಕೇಳು."

ಅವಳ ಕಣ್ಣಲ್ಲೂ ನೀರಿತ್ತು. ಅವರು ಹೋದರೆ ಈ ಮನೆಯಲ್ಲಿ ನಾನು ಯಾರ ಜೊತೆ ಜಗಳವಾಡಲಿ? ಬೈಸಿಕೊಂಡಾದರೂ ಅವರ ಪಕ್ಕದಲ್ಲಿರಬೇಕೆಂದು ನನಗಿತ್ತು. ಅದಕ್ಕೆ ನಾಚಿಕೆಯೇನೂ ಇಲ್ಲ.

ಆ ರಾತ್ರಿಯೆಲ್ಲ ಯೋಚಿಸಿ ನನಗೊಂದು ಹೊಳೆಯಿತು. ಇವರಿಗೆ ಮುಂದಿನಿಂದ ಮುಖ ಕಂಡರೆ ಗುರುತಿಲ್ಲ. ಪಕ್ಕದಿಂದ ಮೂಗು, ಜಡೆ ಕಂಡರೆ ಗುರುತಿದೆ. ಹಾಗಾದರೆ ನಾನೂ ನಾಣ್ಯವಾಗುತ್ತೇನೆ!

ಶನಿವಾರ ಬೆಳಿಗ್ಗೆ ನನ್ನ ಹಳೇ ಪಾರ್ಲರಿಗೆ ಹೋದೆ. ಈಗ ಅದನ್ನು ನನ್ನ ಕೈಕೆಳಗೆ ಕಲಿತವಳು ನಡೆಸುತ್ತಾಳೆ. ನರೆತ ಕೂದಲಿಗೆ ಕಪ್ಪು ಬಣ್ಣ ಹಚ್ಚಿಸಿದೆ. ಉಳಿದಿರುವ ನಾಲ್ಕು ಎಳೆಗೆ ಚೌರಿ ಸೇರಿಸಿ ಜಡೆ ಹೆಣೆಸಿ, ನೆತ್ತಿಯ ಮೇಲೆ ಸಿಂಬಿ ಸುತ್ತಿಸಿದೆ.

"ಏನಕ್ಕಾ, ಈ ವಯಸ್ಸಲ್ಲಿ ಯಾರನ್ನ ಬುಟ್ಟಿಗೆ ಹಾಕ್ಕೊಳ್ಳೋಕೆ ಹೊರಟೆ?" ಎಂದಳು ಅವಳು.

"ನನ್ನ ಗಂಡನ್ನೇ ಕಣೇ. ಗಟ್ಟಿಯಾಗಿ ಪಿನ್ನು ಹಾಕು."

ಕನ್ನಡಿಯಲ್ಲಿ ನೋಡಿಕೊಂಡರೆ ನಗು ಬಂತು. ಕತ್ತಿನಿಂದ ಕೆಳಗೆ ಅಜ್ಜಿ, ಹಣೆಯಿಂದ ಮೇಲೆ ಮದುವಣಗಿತ್ತಿ. ಆದರೂ ಮೊದಲ ಸಲ ಸಿಂಬಿ ಕಟ್ಟಿಕೊಂಡ ದಿನದಂತೆಯೇ ಓರೆಯಾಗಿ ತಿರುಗಿ ಇನ್ನೊಮ್ಮೆ ನೋಡಿಕೊಂಡೆ.

ಮನೆಗೆ ಬಂದು ಅದೇ ಕಿಟಕಿಯ ಪಕ್ಕ ಓರೆಯಾಗಿ ಕೂತೆ. ಮಗಳು ಅವರ ಬಟ್ಟೆಯ ಪೆಟ್ಟಿಗೆಯನ್ನು ಆಗಲೇ ಬಾಗಿಲಲ್ಲಿ ಇಟ್ಟಿದ್ದಳು. ಅದನ್ನು ನಾನು ನೋಡಲಿಲ್ಲ. ನಾನು ಮೊದಲೇ ಹೇಳಿಟ್ಟಂತೆ ಅವಳು ಅವರ ಕೈಗೆ ಭೂತಗನ್ನಡಿ ಕೊಟ್ಟು ಕರೆದುಕೊಂಡು ಬಂದಳು.

"ಅಪ್ಪಾ, ಇದೊಂದು ನೋಡಿ ಹೇಳಿ."

ಅವರು ನಿಂತರು. ಗದರಲಿಲ್ಲ. ನನ್ನ ಪಕ್ಕಕ್ಕೆ ಬಂದು, ಎರಡು ಬೆರಳಲ್ಲಿ ಗಲ್ಲದ ಅಂಚನ್ನಷ್ಟೇ ಹಿಡಿದು, ಮುಖ ಮುಟ್ಟದೆ, ಬೆಳಕಿಗೆ ತಿರುಗಿಸಿದರು. ಎಷ್ಟು ಕಾಲವಾಗಿತ್ತು ಆ ಬೆರಳು ನನಗೆ ತಾಗಿ! ಭೂತಗನ್ನಡಿ ಹಣೆಗೆ ಬಂತು, ಮೂಗಿಗೆ ಬಂತು, ಕೆನ್ನೆಯ ಸುಕ್ಕಿನ ಮೇಲೆ ತುಂಬ ಹೊತ್ತು ನಿಂತಿತು. ಅವರ ಮುಖ ಮೆತ್ತಗಾಯಿತು. ಹೇಳುತ್ತಾರೆ, ಇನ್ನೇನು ಹೇಳಿಬಿಡುತ್ತಾರೆ ಎಂದುಕೊಂಡೆ. ಬಾಗಿಲಲ್ಲಿ ಮಗಳು ಬಾಯಿಗೆ ಕೈಯಿಟ್ಟುಕೊಂಡು ನಿಂತಿದ್ದಳು.

ಆಮೇಲೆ ಭೂತಗನ್ನಡಿ ಕೂದಲಿಗೆ ಬಂತು.

"ಛೆ," ಎಂದರು. "ತಿದ್ದಿದಾರೆ."

ಕೈ ಬಿಟ್ಟರು.

"ಮುಖ ಸವೆದಿದೆ, ಕೂದಲು ಮಾತ್ರ ಹೊಸದು. ನೋಡಿ, ಇಲ್ಲಿ, ಒಂದಕ್ಕೊಂದು ಸೇರಲ್ಲ. ಯಾರೋ ಕೂತ್ಕೊಂಡು ಮಾಡಿದಾರೆ. ಪಾಪ, ಮಾಲು ಅಸಲೀನೇ. ಒಳ್ಳೇ ಮುಖ. ಹಾಗೇ ಬಿಟ್ಟಿದ್ರೆ ತಗೊಳ್ತಿದ್ದೆ."

ಸವೆದದ್ದನ್ನ ಸವೆದ ಹಾಗೇ ಬಿಡಬೇಕು. ಜೀವಮಾನವಿಡೀ ಕೇಳಿದ ಮಾತು, ಮರೆವಿನ ರೋಗ ಬಂದದ್ದು ಅವರಿಗಾದರೂ ಮರೆತವಳು ನಾನು. ಇದ್ದ ಹಾಗೇ, ನರೆತ ತಲೆಯಲ್ಲೇ ಈ ಕಿಟಕಿಯ ಬಳಿ ಓರೆಯಾಗಿ ಕೂತಿದ್ದರೆ? ಈಗಲೂ ಅದನ್ನೇ ನೆನೆಯುತ್ತೇನೆ. ಕೂದಲಿಗೆ ಕೈ ಹಾಕಿ ಪಿನ್ನು ಕೀಳತೊಡಗಿದೆ. ಚೌರಿ ಕಳಚಿ ಮಡಿಲಿಗೆ ಬಿತ್ತು.

"ರೀ, ಈಗ ನೋಡಿ," ಎಂದೆ. "ಇನ್ನೊಂದು ಸಲ ನೋಡಿ."

ಅವರು ಆಗಲೇ ಭೂತಗನ್ನಡಿ ಮಡಚಿ ಜೇಬಿಗಿಟ್ಟಿದ್ದರು. ನಾನು ಅಳುವುದನ್ನು ಕಂಡು, ನಾಣ್ಯ ಮಾರಲು ಬಂದು ನಿರಾಶೆಯಾದವರಿಗೆ ಹೇಳುತ್ತಿದ್ದ ದನಿಯಲ್ಲೇ ಸಮಾಧಾನ ಹೇಳಿದರು.

"ಬೇಜಾರು ಮಾಡ್ಕೋಬೇಡಿ ಅಮ್ಮಾ. ನಿಮ್ಮ ತಪ್ಪಲ್ಲ. ನನಗೂ ಇದು ಬೇಕಾಗಿಲ್ಲ, ಇದರ ಅಸಲಿ ನಮ್ಮನೇಲೇ ಇದೆ." ಆಮೇಲೆ ಕಿಟಕಿಯಾಚೆ ನೋಡಿ ಗಡಿಬಿಡಿಯಾದರು. "ಹೊತ್ತಾಯ್ತು. ನಾನು ಹೋಗೋ ತನಕ ಅವಳು ಊಟ ಮಾಡಲ್ಲ. ಆಮೇಲೆ ನನ್ನ ಜೊತೆ ಜಗಳ ತೆಗೀತಾಳೆ. ಯಾರಾದ್ರೂ ನನ್ನನ್ನ ಮನೆಗೆ ಬಿಡ್ತೀರಾ?"

ಮಗಳು ಗೋಡೆಯ ಕಡೆ ತಿರುಗಿಬಿಟ್ಟಳು. ನಾನೇ ಎದ್ದೆ. ಅವರ ಕೋಟಿನ ಗುಂಡಿ ಹಾಕಿದೆ. ಈ ಸಲ ತಳ್ಳಲಿಲ್ಲ, ಹೆಂಡತಿ ಕಾಯುತ್ತಿದ್ದಾಳೆಂಬ ಅವಸರದಲ್ಲಿದ್ದರು.

"ಬಿಡ್ತಾರೆ," ಎಂದೆ. "ಕಾಯ್ತಿರ್ತಾಳೆ, ಹೋಗಿ ಬನ್ನಿ."

"ಬರ್ತೀನಮ್ಮಾ," ಎಂದು ಕೈಮುಗಿದು, ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತ ಮಗಳ ಕಾರಿನಲ್ಲಿ ಖುಷಿಯಾಗಿ ಕೂತರು. ಕಾರು ಆರೈಕೆ ಮನೆಯ ಕಡೆಗಿನ ತಿರುವು ದಾಟುವವರೆಗೂ ಒಮ್ಮೆಯೂ ಹಿಂದೆ ತಿರುಗಲಿಲ್ಲ. ಮನೆಯಲ್ಲಿ ಕಾಯುತ್ತಿರುವವಳ ಕಡೆಗೇ ನೋಡುತ್ತಿದ್ದರು.