ಲಕ್ಷ್ಮಿ ಒಳಕ್ಕೆ ನೋಡಿದ ಬಾಗಿಲು

ಮೇಘಶ್ರೀಯ ಸಿಟ್ಟಿನ ಮುಂದೆ ಹಾಸನ ಜಿಲ್ಲೆಯ ಇಟ್ಟಿಗೆ ಗೂಡುಗಳೆಲ್ಲ ತಣ್ಣನೆಯ ಫ್ರಿಜ್ಜುಗಳು. ಗೂಡಿಗೆ ಹಾಕಿದ ಬೆಂಕಿ ಇಟ್ಟಿಗೆ ಬೆಂದ ಮೇಲೆ ಆರುತ್ತದೆ. ಇವಳದ್ದು ಎರಡು ವರ್ಷದಿಂದ ಒಂದೇ ಹದದಲ್ಲಿ ಉರಿಯುತ್ತಿತ್ತು. ಹಾಸನದ ಹೊರವಲಯದ ಆರ್ಕಿಟೆಕ್ಚರ್ ಕಾಲೇಜೊಂದರಲ್ಲಿ ಮೊದಲ ವರ್ಷದವರಿಗೆ ಇಟ್ಟಿಗೆ, ಮರಳು, ಕಲ್ಲು, ಮರದ ಪಾಠ ಹೇಳುವುದು ಅವಳ ಕೆಲಸ. ಅವಳು ಬೋರ್ಡಿನ ಮೇಲೆ ಬಾಗಿಲಿನ ಚಿತ್ರ ಬರೆಯುವಾಗ ಸೀಮೆಸುಣ್ಣ ಪುಡಿಪುಡಿಯಾಗಿ ಮೊದಲ ಸಾಲಿನವರೆಲ್ಲ ಬೆಳ್ಳಗಾಗುತ್ತಿದ್ದರು. ಕಾರಣ ಯಾವ ವಿದ್ಯಾರ್ಥಿಗೂ ಗೊತ್ತಿರಲಿಲ್ಲ.

ಕಾರಣ ದಂಡಿಗನಹಳ್ಳಿಯಲ್ಲಿತ್ತು. ಎರಡು ವರ್ಷದ ಹಿಂದೆ ಅವಳ ಚಿಕ್ಕಪ್ಪ ಪುಟ್ಟರಾಜು ಅಲ್ಲಿ ಮನೆ ಕಟ್ಟಿಸಲು ಹೊರಟಿದ್ದ. ಮನೆಯೆಂದರೆ ಎಂಥದ್ದು! ಮುಂಬಾಗಿಲಲ್ಲಿ ಕೂಗಿದ್ದು ಅಡುಗೆಮನೆಗೆ ಕೇಳಿಸುವಷ್ಟರಲ್ಲಿ ಅನ್ನ ಸೀದುಹೋಗುವಂಥದ್ದು. ನಕ್ಷೆ ಬರೆದುಕೊಟ್ಟವಳು ಮೇಘಶ್ರೀಯೇ. 'ನಮ್ಮನೆ ಮಗಳು ಬರ್ಕೊಡ್ಲಿ' ಎಂದು ಅವಳ ತಾಯಿ ಚಿಕ್ಕಲಕ್ಷ್ಮಮ್ಮ ಹಟ ಹಿಡಿದಿದ್ದಳು. ಗಂಡ ತೀರಿಕೊಂಡ ಮೇಲೂ ಮೈದುನನ ಮನೆಯನ್ನು ತನ್ನದೆಂದೇ ತಿಳಿದಿದ್ದ ಜೀವ ಅದು.

ಬಾಗಿಲು ನಿಲ್ಲಿಸುವ ಶಾಸ್ತ್ರಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿಗೆ ತಾಲ್ಲೂಕೇ ಬಂದಿತ್ತು. ತೇಗದ ಚೌಕಟ್ಟು, ನೆತ್ತಿಯ ಮೇಲೆ ಆನೆಗಳ ನಡುವೆ ಕೂತ ಲಕ್ಷ್ಮಿಯ ಕೆತ್ತನೆ. ಅದನ್ನು ಎತ್ತಿದ ಆಳುಗಳ ಸೊಂಟ ಇವತ್ತಿಗೂ ನೆಟ್ಟಗಾಗಿಲ್ಲ. ಗಾರೆ ಮೇಸ್ತ್ರಿ ಚಲುವಯ್ಯ ಲಕ್ಷ್ಮಿಯನ್ನು ಬೀದಿಗೆ ಮುಖ ಮಾಡಿ ನಿಲ್ಲಿಸಲು ಹೊರಟ. ಪುಟ್ಟರಾಜು ಹಾರಿಬಿದ್ದ.

"ಏ ಚಲುವಯ್ಯ, ನಿಂಗೇನ್ ತಲೆ ಕೆಟ್ಟೈತಾ? ಲಕ್ಷ್ಮೀನ ಬೀದಿ ನೋಡ್ಕಂಡು ಕೂರ್ಸಿದ್ರೆ ಎದುರುಮನೆಗೆ ಒಂಟೋಯ್ತಾಳೆ. ತಿರುಗ್ಸು ಒಳಕ್ಕೆ! ನನ್ನ ಮನೇನೇ ನೋಡ್ತಾ ಕೂತಿರ್ಲಿ."

"ಬುದ್ಧಿ, ಅಂಗ್ ತಿರುಗ್ಸಿದ್ರೆ..."

"ಮುಹೂರ್ತ ಓಯ್ತಾ ಐತೆ ಕಣಯ್ಯ, ತಿರುಗ್ಸು!"

ಹಾಗೆ ತಿರುಗಿಸಿದರೆ ಏನಾಗುತ್ತದೆಂದು ಮೇಘಶ್ರೀಗೆ ಗೊತ್ತಿತ್ತು. ಚೌಕಟ್ಟಿಗೆ ಒಂದೇ ಮಗ್ಗುಲಲ್ಲಿ, ಲಕ್ಷ್ಮಿಯ ಬೆನ್ನ ಕಡೆ ಮಾತ್ರ, ಬಾಗಿಲು ಬಂದು ಕೂರುವ ತೋಡು ಇರುತ್ತದೆ. ಆ ತೋಡು ಹೊರಗಾದರೆ ಬಾಗಿಲೂ ಹೊರಕ್ಕೇ ತೆರೆದುಕೊಳ್ಳುತ್ತದೆ. ಹೇಳಲೆಂದು ಅವಳು ಬಾಯಿ ತೆರೆದಳು. ಅದೇ ಗಳಿಗೆಗೆ ಚಿಕ್ಕಲಕ್ಷ್ಮಮ್ಮ ಹಾಲಿನ ಚೊಂಬು ಹಿಡಿದು ಹೊಸಿಲ ಬಳಿಗೆ ಬಂದಳು. ಪುಟ್ಟರಾಜು ಅಷ್ಟೂ ಜನಕ್ಕೆ ಕೇಳುವಂತೆ ಹೇಳಿದ:

"ಅತ್ಗೆಮ್ಮ, ನೀವ್ಯಾಕೆ ಇಲ್ಲಿ? ಅತ್ಲಾಗೆ ಕೊಟ್ಗೆ ತಾವ ನಿಂತ್ಕಳಿ. ಮುತ್ತೈದೇರು ಮುಂದಕ್ಕೆ ಬರ್ಲಿ."

ಚಿಕ್ಕಲಕ್ಷ್ಮಮ್ಮ ಚೊಂಬನ್ನು ಓರಗಿತ್ತಿ ಪುಷ್ಪಾವತಿಯ ಕೈಗೆ ಕೊಟ್ಟು ಕೊಟ್ಟಿಗೆಯ ಕಡೆ ನಡೆದಳು. ಮೇಘಶ್ರೀ ತೆರೆದ ಬಾಯನ್ನು ಮುಚ್ಚಿಕೊಂಡಳು. ಆಗ ಅವಳು ಹಲ್ಲು ಕಡಿದ ಸದ್ದಿಗೆ ಹೊಳೆನರಸೀಪುರದ ನಾಯಿಗಳು ಎದ್ದು ಬೊಗಳಿದವೆಂದರೆ ನಂಬಲೇಬೇಕು. ಚೌಕಟ್ಟು ತಿರುಗಿತು. ಲಕ್ಷ್ಮಿ ಒಳಕ್ಕೆ ನೋಡಿದಳು. ಮಂಗಳಾರತಿ ಆಯಿತು.

ಗೃಹಪ್ರವೇಶವಾದ ಮೇಲೆ ತಮಾಷೆ ಶುರು. ಒಳಗಿನಿಂದ ಯಾರಾದರೂ ಬಾಗಿಲು ತಳ್ಳಿದರೆ ಹೊರಗೆ ಮೆಟ್ಟಿಲ ಮೇಲೆ ನಿಂತವರು ಅಂಗಳದಲ್ಲಿ ಬಿದ್ದಿರುತ್ತಿದ್ದರು. ಪುರೋಹಿತರು ಬಿದ್ದರು, ಬ್ಯಾಂಕಿನ ಮ್ಯಾನೇಜರು ಬಿದ್ದರು, ಪುಟ್ಟರಾಜುವಿನ ಮಗಳನ್ನು ನೋಡಲು ಅರಕಲಗೂಡಿನಿಂದ ಬಂದ ಬೀಗರು ಹಣ್ಣಿನ ತಟ್ಟೆಯ ಸಮೇತ ಸಾಲಾಗಿ ಬಿದ್ದರು. ಮಳೆ ಬಂದಾಗ ಬಾಗಿಲು ಉಬ್ಬಿಕೊಂಡು, ಪುಟ್ಟರಾಜು ಕಿಟಕಿಯಲ್ಲಿ ನಿಂತು ತನ್ನ ಮನೆಯಿಂದ ತನ್ನನ್ನು ಬಿಡಿಸಿ ಎಂದು ಊರಿನವರನ್ನು ಕೂಗಬೇಕಾಯಿತು.

"ಫಾರಿನ್ನಲ್ಲೆಲ್ಲ ಇಂಗೇ ಕಣ್ರೋ" ಎನ್ನುತ್ತಿದ್ದ ಹೊರಗೆ ಬಂದು.

ಕಿತ್ತು ತಿರುಗಿಸೋಣವೆಂದರೆ ಯಾವ ಮೇಸ್ತ್ರಿಯೂ ಒಪ್ಪಲಿಲ್ಲ. ಪೂಜೆಯಾಗಿ ನಿಂತ ಬಾಗಿಲಿಗೆ ಮೊದಲ ಹಾರೆ ಹಾಕಿದವರ ಮನೆ ದೀಪ ಆರುತ್ತದೆ ಎಂಬುದು ಆ ಸೀಮೆಯ ಗಾರೆಯವರ ನಂಬಿಕೆ.

ಇಷ್ಟಾದರೂ ಮೇಘಶ್ರೀಗೆ ತೃಪ್ತಿಯಿಲ್ಲ. ಬಿದ್ದವರು ಯಾರೋ, ನಕ್ಕವರು ಯಾರೋ. ಅವಳ ಅಮ್ಮ ತಲೆ ತಗ್ಗಿಸಿದ್ದು ಜನರ ಮುಂದೆ. ಚಿಕ್ಕಪ್ಪನ ತಲೆಯೂ ಜನರ ಮುಂದೆಯೇ ತಗ್ಗಬೇಕಿತ್ತು. ಈ ವರ್ಷ ಹೊಸ ಬ್ಯಾಚು ಬಂದ ಕೂಡಲೇ ಫೋನು ಮಾಡಿದಳು.

"ಚಿಕ್ಕಪ್ಪ, ನಮ್ಮ ಮಕ್ಕಳಿಗೆ ಒಂದು ಒಳ್ಳೆ ಮನೆ ತೋರಿಸ್ಬೇಕಿತ್ತು. ಜಿಲ್ಲೆಯೆಲ್ಲ ಹುಡುಕಿದ್ರೂ ನಿಮ್ಮನೆಯಂಥದ್ದು ಸಿಗ್ಲಿಲ್ಲ."

ಪುಟ್ಟರಾಜುವಿನ ಎದೆ ಉಬ್ಬಿ ಅಂಗಿಯ ಗುಂಡಿಗಳು ಹಾರಿಹೋದವು. ಶಾಮಿಯಾನ ಹಾಕಿಸಿದ, ಊರವರನ್ನು ಕರೆದ, ಪಾಯಸಕ್ಕೆ ಕೊಪ್ಪರಿಗೆ ಏರಿಸಿದ.

ಬಸ್ಸಿನಿಂದ ಮಕ್ಕಳು ಇಳಿದರು. ಮೇಘಶ್ರೀ ಪಾಠ ಶುರು ಮಾಡಿದಳು, ಮೆತ್ತಗೆ, ಬೆಣ್ಣೆಯಂತೆ. ಕಾಂಪೌಂಡಿನ ಪಕ್ಕ ಉಳಿದಿದ್ದ ಎರಡು ಇಟ್ಟಿಗೆ ಎತ್ತಿ ಒಂದಕ್ಕೊಂದು ಬಡಿದಳು. "ಟಣ್ ಅನ್ನಬೇಕು. ಅಂದಿತಲ್ವಾ? ಒಳ್ಳೆ ಇಟ್ಟಿಗೆ." ಮರಳನ್ನು ಅಂಗೈಯಲ್ಲಿ ಉಜ್ಜಿಸಿದಳು. "ಕೈಗೆ ಮಣ್ಣು ಅಂಟಿಲ್ಲ. ಒಳ್ಳೆ ಮರಳು." ಪುಟ್ಟರಾಜು ಒಂದೊಂದು ಮಾತಿಗೂ ಒಂದೊಂದು ಗೇಣು ಬೆಳೆಯುತ್ತಿದ್ದ. ಅವನ ತಲೆ ಶಾಮಿಯಾನದ ಬಟ್ಟೆಗೆ ತಗುಲುವ ಹೊತ್ತಿಗೆ ಅವಳು ಮೆಟ್ಟಿಲ ಹತ್ತಿರ ಬಂದಳು.

"ಈಗ ಬಾಗಿಲು. ನೋಡಿ ಹೇಳಿ, ನಾನೇನೂ ಹೇಳಲ್ಲ."

ಶಾಂತಿ ಎಂಬ ಹುಡುಗಿ ಕೈಯೆತ್ತಿದಳು. "ಮೇಡಂ, ಬಾಗಿಲು ಹೊರಗಡೆಗೆ ತೆಗೆಯೋದು ಸಿನಿಮಾ ಟಾಕೀಸಲ್ಲಿ ಅಲ್ವಾ? ಬೆಂಕಿ ಬಿದ್ರೆ ಜನ ಓಡೋಕೆ?"

"ಹಿಂಜು ಹೊರಗಿದೆ ಮೇಡಂ" ಎಂದ ಇನ್ನೊಬ್ಬ. "ಕಳ್ಳ ಬಂದು ಪಿನ್ನು ತೆಗೆದ್ರೆ ಬಾಗಿಲು ಕೈಗೇ ಬರತ್ತೆ."

"ಲಕ್ಷ್ಮಿ ಹಿಂದೆ ತಿರುಗಿದಾಳೆ!" ಎಂದು ಮೂರನೆಯವಳು ಕಿರುಚಿದಳು. "ಮನೆಗೆ ಬರೋರಿಗೆ ಬೆನ್ನು ತೋರಿಸ್ತಿದಾಳೆ."

ಊರವರಲ್ಲಿ ಯಾರೋ ಹಿಂದಿನಿಂದ ಕೂಗಿದರು: "ಲೇ, ಟಾಕೀಸ್ ಪುಟ್ಟರಾಜಣ್ಣ! ಮ್ಯಾಟ್ನಿ ಎಷ್ಟೊತ್ಗಣ್ಣಾ?"

ಎದ್ದ ನಗುವಿಗೆ ಶಾಮಿಯಾನದ ಕಂಬ ಕಿತ್ತುಬಂತು. ಪುಟ್ಟರಾಜು ಬೆಳೆದಿದ್ದ ಗೇಣುಗಳೆಲ್ಲ ಇಳಿದು, ಪಾಯಸದ ಸೌಟಿನಷ್ಟಾಗಿ ನಿಂತ. ಸಂಜೆಯೊಳಗೆ ಆ ಹೆಸರು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡು ಮುಟ್ಟಿತ್ತು. ಮರುದಿನ ಅವನ ಫೋನು ಬಂತು.

"ಮಗ, ಏನಾರ ಮಾಡಿ ಆ ಬಾಗ್ಲು ತಿರುಗ್ಸವ್ವ. ತಲೆ ಎತ್ಕಂಡು ಓಡಾಡಂಗಿಲ್ಲ."

"ತಿರುಗಿಸ್ಬಹುದು. ಮೇಲೆ ಗೋಡೆ ಹೊರೋ ಲಿಂಟಲ್ ಇದೆ, ಚೌಕಟ್ಟು ತೆಗೆದ್ರೆ ಗೋಡೆಗೇನೂ ಆಗಲ್ಲ. ಮೊದಲ ಹಾರೆ ಹಾಕೋರು ಬೇಕು ಅಷ್ಟೇ. ಅಮ್ಮ ಹಾಕ್ತಾರೆ."

ಆ ಕಡೆ ಒಂದು ನಿಟ್ಟುಸಿರು. "ಸರಿ ಬುಡು, ಒಳ್ಳೇದೇ ಆಯ್ತು. ಅತ್ಗೆಮ್ಮನ ದೀಪ ಎಂಗೂ ಆರೋಗೈತೆ, ಇನ್ನೇನೈತೆ ಕಳ್ಕಳಾಕೆ?"

ಮೇಘಶ್ರೀಯ ಕೈಯಲ್ಲಿ ಫೋನು ಕಾದು ಕೆಂಪಾಯಿತು. "ಒಂದು ಮಾತು ಚಿಕ್ಕಪ್ಪ. ತೆಗೆದ ಕೈಯೇ ತಿರುಗಿ ಹಾಲು ಬಿಟ್ಟು ನಿಲ್ಲಿಸ್ಬೇಕು. ಇಲ್ಲದಿದ್ರೆ ಗಾರೆ ಕರಣೆ ಮುಟ್ಟಲ್ಲ ಅಂತ ಚಲುವಯ್ಯ ಹೇಳಿದಾನೆ. ಎಲ್ಲರ ಮುಂದೆ ನೀವೇ ಅಮ್ಮನ್ನ ಹೊಸಿಲಿಗೆ ಕರೀಬೇಕು."

"ಕರೆಯೋದ್ಯಾಕೆ? ಅವ್ರ್ ಪಾಡ್ಗೆ ಅವ್ರು ಬಂದಂಗೆ ಬಂದು ಹಾಲು ಬುಟ್ಬುಡ್ಲಿ. ಬೀಗರೆಲ್ಲ ಇರ್ತಾರೆ. ಬ್ಯಾರೆ ದಾರಿ ಇಲ್ವಾ? ಆಯ್ತು, ಆಯ್ತು, ಕರೀತೀನಿ."

ಆ ದಿನವೂ ಜನ ಸೇರಿದರು. ಚಿಕ್ಕಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾರೆ ಎತ್ತಿದಳು. ಮೊದಲ ಏಟಿಗೆ ಗೋಡೆಯ ಗಾರೆ ಉದುರಿತು. ಎರಡನೆಯದಕ್ಕೆ ಅರಕಲಗೂಡಿನಲ್ಲಿ ಒಲೆಯ ಮೇಲಿನ ಪಾತ್ರೆಗಳು ಅಲುಗಿದವು. ಆಮೇಲೆ ಚಲುವಯ್ಯನ ಆಳುಗಳು ಕೈ ಹಾಕಿ ಚೌಕಟ್ಟನ್ನು ಬಿಡಿಸಿ ಅಂಗಳದಲ್ಲಿ ಮಲಗಿಸಿದರು. ಅರಮನೆಯಂಥ ಮನೆಗೆ ಮುಂದೆ ದೊಡ್ಡದೊಂದು ತೂತು. ಬೀದಿಯ ಕೋಳಿಯೊಂದು ಯಜಮಾನನ ಹಾಗೆ ಒಳಗೆ ಹೋಯಿತು.

ಪುಷ್ಪಾವತಿ ಹಾಲಿನ ಚೊಂಬು ತಂದಳು. ಎಲ್ಲರೂ ಪುಟ್ಟರಾಜುವನ್ನು ನೋಡಿದರು. ಅವನು ಬೀಗರ ಕಡೆ ನೋಡಿದ, ಕೆಮ್ಮಿದ, ಆಮೇಲೆ ಅತ್ತಿಗೆಗೆ ಹುಬ್ಬಿನಲ್ಲಿ ಸನ್ನೆ ಮಾಡಿದ: ಬಾ, ಬಿಟ್ಟುಬಿಡು, ಬೇಗ.

ಚಿಕ್ಕಲಕ್ಷ್ಮಮ್ಮ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದಳು. ಸೆರಗು ಬಿಡಿಸಿ ಒರೆಸಿಕೊಂಡಳು.

"ಪುಷ್ಪಾ, ಬತ್ತೀನಿ ಕಣವ್ವ" ಎಂದು ಬಸ್ಸಿನ ದಾರಿ ಹಿಡಿದಳು.

"ಅತ್ಗೆಮ್ಮ! ಹಾಲು?"

"ಮುತ್ತೈದೇರು ಇಲ್ಲೇ ಅವ್ರೆ ಕಣಪ್ಪ, ಅವ್ರು ಬುಡ್ಲಿ."

ಪುಟ್ಟರಾಜು ಚಲುವಯ್ಯನತ್ತ ತಿರುಗಿದ. ಚಲುವಯ್ಯ ಕರಣೆಯನ್ನು ಚೀಲಕ್ಕೆ ಹಾಕಿ ಬೀಡಿ ಹಚ್ಚಿದ.

ಮೇಘಶ್ರೀ ಅಮ್ಮನ ಹಿಂದೆಯೇ ಓಡಿ ಬಸ್ಸು ಹತ್ತಿದಳು. ತನ್ನ ಸಿಟ್ಟೇ ಜಿಲ್ಲೆಗೆ ದೊಡ್ಡದೆಂದು ಎರಡು ವರ್ಷದಿಂದ ಬೀಗುತ್ತಿದ್ದವಳು ಪಕ್ಕದಲ್ಲಿ ಕಿಟಕಿಗೆ ಒರಗಿ ಕೂತ ಪುಟ್ಟ ಹೆಂಗಸನ್ನು ಹೊಸದಾಗಿ ನೋಡಿದಳು.

"ಅಮ್ಮ, ಮೋಡ ಕಟ್ತಾ ಇದೆ. ಮನೆ ಹಂಗೇ ತೆರ್ಕೊಂಡಿದೆ."

"ಇರ್ಲಿ ಬುಡು, ಗಾಳಿಯಾಡ್ಲಿ."

ಫೋನು ಬಡಿದುಕೊಂಡಿತು. ಚಿಕ್ಕಪ್ಪ. ನಿಂತಿತು, ಮತ್ತೆ ಬಡಿದುಕೊಂಡಿತು. ಮೇಘಶ್ರೀ ಎತ್ತಲು ಹೋದಳು. ಚಿಕ್ಕಲಕ್ಷ್ಮಮ್ಮ ಅವಳ ಕೈ ಹಿಡಿದಳು.

"ಎತ್ಬ್ಯಾಡ ಕಣ್ ಮಗ. ಕೊಟ್ಗೆಗೆ ಓಗು ಅಂತ ಅವತ್ತು ಫೋನ್ನಾಗ್ ಏಳಿದ್ನಾ? ಊರೋರ ಮುಂದೆ ಏಳ್ದ. ಊರೋರನ್ನ ಕರ್ಕಂಡು ನಮ್ಮನೆ ಬಾಗ್ಲಿಗೆ ಬರ್ಲಿ."