ಗೋಡೆ ಅಣ್ಣನದು

ಬಸ್ ಡಿಪೊದ ಕಾಯುವ ಕೋಣೆಯ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಅದರ ಮೇಲಿನ ಚಿತ್ರಕ್ಕೆ ಹದಿನಾರು ವರ್ಷ. ಹೊಳೆದಂಡೆ, ದೋಣಿಗೆ ಕಾದು ಕೂತ ಜನ, ಎಲ್ಲರಿಗಿಂತ ಮುಂದೆ ಕತ್ತು ಹೊರಳಿಸಿ ನೋಡುವ ಒಬ್ಬ ಹೆಂಗಸು. ತೇವ ಅವಳ ನೆತ್ತಿಯವರೆಗೆ ಏರಿತ್ತು.

"ಮೇಲೊಂದು ಕೋಟ್ ಎಳೆದು ಅದೇ ಚಿತ್ರ ಬಿಡಿಸಿಬಿಡಿ. ಮೂರು ದಿನ ಸಾಕಲ್ವಾ?" ಅಂದರು ಮೇಲ್ವಿಚಾರಕರು. "ಬಣ್ಣ ಬಿದ್ರೆ ತೇವ ಎಲ್ಲ ಮುಚ್ಚಿಹೋಗುತ್ತೆ."

"ಮುಚ್ಚಲ್ಲ ಸರ್, ಒಳಗೊಳಗೇ ಕೊಳೆಯುತ್ತೆ," ಅಂದಳು ತಂಗಿ. "ಹಿಂದಿನ ಶೌಚಾಲಯದ ಪೈಪು ಸೋರ್ತಾ ಇದೆ. ಮೊದ್ಲು ಅದು ರಿಪೇರಿ ಆಗ್ಬೇಕು. ಆಮೇಲೆ ಗಾರೆ ಪೂರ್ತಿ ಕೀಳ್ಬೇಕು."

ವಯಸ್ಸು ಐವತ್ತರ ಹತ್ತಿರ ಬಂದಿದ್ದರೂ ಈ ಕಸುಬಿನವರಿಗೆಲ್ಲ ಅವಳು 'ತಂಗಿ'ಯೇ. ಮೊದಮೊದಲು ಚಿತ್ರಗಾರರ ತಂಗಿ, ಬರಬರುತ್ತಾ ಬರೀ ತಂಗಿ. ಅಣ್ಣ ಎತ್ತರದ ಆಳು, ಮಾತಿನ ಮಲ್ಲ, ಸಾಲದ್ದಕ್ಕೆ ಗಡ್ಡ ಬೇರೆ. ನೋಡಿದವರೆಲ್ಲ ಕಲಾವಿದ ಇವನೇ, ಕೆಲಸದ ಗೋಡೆಗೆ ಮರೆಯಾಗಿ ಕಟ್ಟಿದ ಪರದೆ ಹಿಂದೆ ಬಕೆಟ್ ಹೊತ್ತು ಹೋಗುವವಳು ಕೈಯಾಳು ಅಂದುಕೊಳ್ಳುತ್ತಿದ್ದರು. ನಿಜವೆಂದರೆ ಅಣ್ಣ ಗಾರೆಯವನು. ಗೋಡೆ ಕೆರೆಯುವುದು, ಗಾರೆ ಮೆತ್ತುವುದು, ನೀರುಣಿಸಿ ಹದಕ್ಕೆ ತರುವುದು ಅವನ ಪಾಲು. ಅವನು ಕುಂಚ ಹಿಡಿದರೆ ನವಿಲೂ ಕೋಳಿಯಾಗುತ್ತಿತ್ತು. ಚಿತ್ರವೆಲ್ಲ ಇವಳದೇ. ಜನರನ್ನು ತಿದ್ದುವ ಗೋಜಿಗೆ ಇಬ್ಬರೂ ಹೋಗಿರಲಿಲ್ಲ. ಪರದೆಯ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಅಷ್ಟೆ.

ಅಣ್ಣ ಸತ್ತು ಮೂರು ತಿಂಗಳಾಗಿತ್ತು. ಅವಳಿಗೆ ಅಳು ಬಂದಿರಲಿಲ್ಲ. ಬರುತ್ತೆ ಬಿಡು ಎಂದು ಎಲ್ಲರೂ ಹೇಳಿದ್ದರು. ಅವಳು ಉಂಡಳು, ಮಲಗಿದಳು, ಫೋನ್ ಬಂದರೆ ಎತ್ತಿದಳು. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗಿತ್ತು ಇಡೀ ಮೈ.

ಗಾರೆ ಕೀಳುವ ದಿನ ಬೆಳಿಗ್ಗೆ ಅತ್ತಿಗೆ ಬಂದರು. ಕಂಕುಳಲ್ಲಿ ಒಂದು ಹಳೆಯ ಬೆಡ್‌ಶೀಟು.

"ಆ ಹೆಂಗಸಿನ ಮುಖ ಒಂದು ಗೋಡೆಯಿಂದ ಬಿಡಿಸಿಕೊಡು. ಮನೇಲಿಟ್ಕೋತೀನಿ."

"ಸುಲಿದು ಕೊಡೋಕೆ ಕ್ಯಾಲೆಂಡರಾ ಅತ್ತಿಗೆ? ಗಾರೆ ನೆನೆದು ಹಿಟ್ಟಾಗಿದೆ. ಮುಟ್ಟಿದ್ರೆ ಉದುರುತ್ತೆ."

"ಅದು ನನ್ನ ಮುಖ ಕಣೇ. ನಿನ್ನನ್ನೇ ನೆನೆಸ್ಕೊಂಡು ಬರೆದೆ ಅಂತ ನಿಮ್ಮಣ್ಣನೇ ಹೇಳಿದ್ರು."

ತಂಗಿ ಹೂಂ ಅನ್ನಬಹುದಿತ್ತು. ಬೇರೆ ದಿನವಾಗಿದ್ದರೆ ಅನ್ನುತ್ತಿದ್ದಳೋ ಏನೋ. ಗಂಟೆ ಎಷ್ಟು ಎಂದು ಕೇಳಿದವರಿಗೆ ಹೇಳುವ ಹಾಗೆ ಹೇಳಿಬಿಟ್ಟಳು: "ಮುಖ ನಾನು ಬರೆದಿದ್ದು. ಅದು ಯಾರದ್ದೂ ಅಲ್ಲ. ಅಣ್ಣಂಗೆ ಚಿತ್ರ ಬರೆಯೋಕೆ ಬರ್ತಿರ್ಲಿಲ್ಲ."

ಅತ್ತಿಗೆ ಬೆಂಚಿನ ಮೇಲೆ ಕೂತರು. ಒಂದು ಬಸ್ಸು ಬಂತು, ಜನ ಇಳಿದು ಚದುರಿದರು.

"ಹಾಗಾದ್ರೆ ಇದ್ರಲ್ಲಿ ಅವರದ್ದು ಅಂತ ಏನಿದೆ?"

"ಗೋಡೆ," ಅಂದಳು ತಂಗಿ.

ಉಳಿ ಇಟ್ಟು ಸುತ್ತಿಗೆಯಿಂದ ತಟ್ಟಿದಳು. ಮುಖ ಚೂರುಚೂರಾಗಿ ಕಾಲಬುಡಕ್ಕೆ ಬಿತ್ತು. ಅವಳಿಗೆ ಏನೂ ಅನಿಸಲಿಲ್ಲ, ಕೈಯಷ್ಟೇ ಜುಮ್ಮೆಂದಿತು. ಆದರೆ ತೇವ ತಲುಪದ ಮೇಲ್ಭಾಗದಲ್ಲಿ ಗಾರೆ ಇಟ್ಟಿಗೆಯನ್ನು ಕಚ್ಚಿ ಹಿಡಿದಿತ್ತು. ಏಟಿನ ಮೇಲೆ ಏಟು ಬಿದ್ದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅಂಗೈಯಗಲದ ತುಂಡೊಂದು ಇಡಿಯಾಗಿ ಬಂತು. ಮುಂದೆ ಬರೀ ನೀಲಿ. ಅಂಚಿನಲ್ಲಿ ನೋಡಿದರೆ ಒಂದರ ಮೇಲೊಂದು ಮೂರು ಪದರ ಗಾರೆ, ಅಳತೆಪಟ್ಟಿ ಇಟ್ಟು ಎಳೆದಷ್ಟು ಸಮ.

"ಇದು ಪೂರ್ತಿ ಅವನದೇ," ಎಂದು ಏಣಿಯಿಂದ ಬಗ್ಗಿ ಕೊಟ್ಟಳು.

ಅತ್ತಿಗೆ ಅದನ್ನು ಮಗುವನ್ನು ಸುತ್ತುವ ಹಾಗೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡರು. ಬಾಗಿಲವರೆಗೆ ಹೋಗಿ ನಿಂತು, "ಮಹಾ ಸುಳ್ಳ ನಿಮ್ಮಣ್ಣ," ಅಂದರು. ನಗು ಬಂತೋ ಅಳು ಬಂತೋ, ಸೆರಗು ಬಾಯಿಗೆ ಒತ್ತಿಕೊಂಡು ಹೊರಟುಹೋದರು.

ಪೈಪು ರಿಪೇರಿಯಾಯಿತು, ಗೋಡೆ ಒಣಗಿತು. ಬೇರೆ ಗಾರೆಯವನನ್ನು ಕರೆಯಲು ತಂಗಿಗೆ ಮನಸ್ಸಾಗಲಿಲ್ಲ. ಇಪ್ಪತ್ತೈದು ವರ್ಷ ಪಕ್ಕದಲ್ಲೇ ನಿಂತು ನೋಡಿದ್ದ ಕೆಲಸ. ಆದರೂ ಮೊದಲ ಸಲ ಮೆತ್ತಿದ್ದು ಸಂಜೆಯೊಳಗೆ ಜಾರಿ ನೆಲಕ್ಕೆ ಬಿತ್ತು. ಬಾಚಿ ಎಸೆದು ಮತ್ತೆ ಕಲಸಿದಳು. ಎರಡನೆಯದು ನಿಂತಿತು. ಅಲ್ಲಿಂದ ಬೆಳಿಗ್ಗೆ ಸಂಜೆ ಬಂದು ನೀರು ಚಿಮುಕಿಸುವುದೇ ಕೆಲಸ.

"ಚಿತ್ರ ಇನ್ನೂ ಶುರು ಮಾಡಿಲ್ವಾ?" ಮೇಲ್ವಿಚಾರಕರು ದಿನಾ ಕೇಳುತ್ತಿದ್ದರು.

"ಶುರುವಾಗಿ ಹನ್ನೊಂದು ದಿನ ಆಯ್ತು ಸರ್."

ಅವರು ಬೂದು ಗೋಡೆಯನ್ನೊಮ್ಮೆ, ಇವಳನ್ನೊಮ್ಮೆ ನೋಡಿ ಹೋದರು.

ತಂಗಿ ಗೋಡೆಗೆ ಅಂಗೈ ಒತ್ತಿ ಹದ ನೋಡಿದಳು. ತಣ್ಣಗಿತ್ತು. ಇಷ್ಟು ತಣ್ಣಗಿರಬೇಕೋ, ಇನ್ನೂ ನೀರು ಕೇಳುತ್ತಿದೆಯೋ, ತಿಳಿಯಲಿಲ್ಲ. "ಅಣ್ಣಾ, ಇಷ್ಟು ಸಾಕೇನೋ?" ಎಂದು ತಿರುಗಿದಳು.

ಬೆಂಚಿನ ಮೇಲೆ ಯಾರೋ ಪ್ರಯಾಣಿಕ ಚೀಲಕ್ಕೆ ತಲೆಯಾನಿಸಿ ನಿದ್ದೆ ಹೋಗಿದ್ದ. ತಂಗಿ ಬಕೆಟ್ ಎತ್ತಿಕೊಂಡು ನಲ್ಲಿಯ ಕಡೆ ನಡೆದಳು.